ತಿದ್ದಿದವನಿಗೆ ಪದಕ ಸಲ್ಲುತ್ತದೆಯೇ? ಸೈನಿಕರ ಆನ್‌ಲೈನ್ ದುರ್ನಡತೆಯೂ ಅಮೆರಿಕದ ಸೇನೆಯ ಹಳೆಯ ಇಕ್ಕಟ್ಟೂ

ಅಮೆರಿಕದ ಭೂಸೇನೆಯಲ್ಲಿ ಸೈನಿಕನೊಬ್ಬನಿಗೆ ಪದಕ ಕೊಡಿಸಬೇಕೆಂದರೆ ಅವನ ಮೇಲಿನವರು ಡಿಎ 638 ಎಂಬ ನಮೂನೆಯನ್ನು ತುಂಬಬೇಕು. ಹೆಸರು, ದರ್ಜೆ, ಹಿಂದೆ ಬಂದ ಪದಕಗಳು ಇತ್ಯಾದಿ ವಿವರಗಳಾದ ಮೇಲೆ ಸಾಧನೆಗಳನ್ನು ಬರೆಯಲು ನಾಲ್ಕು ಕಿರಿದಾದ ಅಂಕಣಗಳಿರುತ್ತವೆ. ಎಷ್ಟು ವಾಹನಗಳನ್ನು ದುರಸ್ತಿ ಮಾಡಿದ, ಎಷ್ಟು ಮಂದಿಗೆ ತರಬೇತಿ ಕೊಟ್ಟ, ಎಷ್ಟು ಡಾಲರ್ ಬೆಲೆಯ ಸಾಮಗ್ರಿಗೆ ಚಾಚೂ ತಪ್ಪದೆ ಲೆಕ್ಕ ಒಪ್ಪಿಸಿದ ಎಂಬಂಥ ಸಂಗತಿಗಳು ಆ ಅಂಕಣಗಳಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ರಾತ್ರಿ ಹನ್ನೊಂದರ ಹೊತ್ತಿಗೆ ತನ್ನ ಸ್ಕ್ವಾಡ್‌ನ ಹುಡುಗನೊಬ್ಬ ಫೇಸ್‌ಬುಕ್ ಗುಂಪಿನಲ್ಲಿ ಸಹಸೈನಿಕಳೊಬ್ಬಳ ಫೋಟೊದ ಕೆಳಗೆ ಕೊಳಕು ಮಾತು ಬರೆದದ್ದನ್ನು ಕಂಡು, ಅವನಿಗೆ ಫೋನ್ ಮಾಡಿ ಅಳಿಸಿಹಾಕಿಸಿ, ಮರುದಿನ ಬೆಳಿಗ್ಗೆ ಕರೆದು ಕೂರಿಸಿಕೊಂಡು ಮಾತನಾಡಿದ ಸಾರ್ಜೆಂಟ್‌ನ ಕೆಲಸವನ್ನು ಅಲ್ಲಿ ಹೇಗೆ ಬರೆಯುವುದು? ಬರೆದರೂ ಅದು ಪದಕಕ್ಕೆ ತಕ್ಕ ಕೆಲಸವೆನಿಸುತ್ತದೆಯೇ?

ಮೇಲುನೋಟಕ್ಕೆ ಇದು ಆಡಳಿತದ ಒಂದು ಸಣ್ಣ ಪ್ರಶ್ನೆ. ಸೈನಿಕರ ಆನ್‌ಲೈನ್ ನಡವಳಿಕೆಯ ಬಗ್ಗೆ ಅಮೆರಿಕದಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ನಡೆದಿರುವ ಚರ್ಚೆಯಲ್ಲಿ ಶಿಕ್ಷೆಯ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ ಈ ಪ್ರಶ್ನೆಯೂ ಬಂದಿದೆ: ತಪ್ಪು ಮಾಡಿದವನಿಗೆ ದಂಡನೆ ಇರುವಾಗ, ತಪ್ಪನ್ನು ತಡೆದವನಿಗೆ ಏನಿದೆ? ಉತ್ತರ ಹುಡುಕಲು ಹೊರಟರೆ ಫೇಸ್‌ಬುಕ್ಕಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಜಾರ್ಜ್ ವಾಷಿಂಗ್ಟನ್ 1782ರಲ್ಲಿ ಸಾಮಾನ್ಯ ಸೈನಿಕರಿಗೆಂದು ಬಟ್ಟೆಯ ಹೃದಯಾಕಾರದ ಬಿಲ್ಲೆಯನ್ನು ಆರಂಭಿಸಿದಂದಿನಿಂದ 1993ರಲ್ಲಿ ಸ್ವಯಂಸೇವೆಗೆ ಪ್ರತ್ಯೇಕ ಪದಕ ಬರುವವರೆಗೆ, ಅಮೆರಿಕದ ಪದಕಗಳ ಚರಿತ್ರೆಯೆಂದರೆ ರಣರಂಗದ ಶೌರ್ಯದಿಂದ ಕಚೇರಿಯ ಮೇಜಿನವರೆಗೆ ಮನ್ನಣೆಯ ವ್ಯಾಪ್ತಿ ಹಿಗ್ಗುತ್ತ ಬಂದ ಚರಿತ್ರೆ. ಈ ಹಿಗ್ಗುವಿಕೆಯ ನಡುವೆ ಗಮನಿಸಬೇಕಾದ ಒಂದು ಪದಕವಿದೆ, ಅದು ಸನ್ನಡತೆಯ ಪದಕ. ನೌಕಾಪಡೆ ಅದನ್ನು 1869ರಲ್ಲಿ, ಸಮುದ್ರದಿಂದ ದಡಕ್ಕಿಳಿದು ಕಾದಾಡುವ ಮರೀನ್ ದಳ 1896ರಲ್ಲಿ, ಭೂಸೇನೆ 1941ರಲ್ಲಿ ಜಾರಿಗೆ ತಂದವು. ಈಗಿನ ಕ್ರಮದಲ್ಲಿ ಮೂರು ವರ್ಷ ಕಪ್ಪುಚುಕ್ಕೆಯಿಲ್ಲದೆ ಸೇವೆ ಸಲ್ಲಿಸಿದರೆ ಅದು ಬರುತ್ತದೆ. ಅಂದರೆ ತಾನು ತಪ್ಪು ಮಾಡದಿದ್ದುದಕ್ಕೆ ಮನ್ನಣೆ ನೀಡುವ ಪದ್ಧತಿಗೆ ನೂರೈವತ್ತು ವರ್ಷ ದಾಟಿದೆ. ಪಕ್ಕದವನ ತಪ್ಪನ್ನು ತಡೆದುದಕ್ಕೆ ಅಂಥ ಪದಕ ಇಲ್ಲ. ಸನ್ನಡತೆಯನ್ನು ಒಬ್ಬನ ಸ್ವಂತ ಆಸ್ತಿಯೆಂದು ಲೆಕ್ಕ ಹಾಕಿದ ಸೇನೆ, ತುಕಡಿಯ ನಡತೆಯನ್ನು ಕಾಯುವುದು ಸಾರ್ಜೆಂಟ್‌ನ ಸಂಬಳದೊಳಗಿನ ಕೆಲಸ ಎಂದು ಭಾವಿಸಿಕೊಂಡೇ ಬಂದಿದೆ.

ಜೊತೆಗಾರರ ತಪ್ಪಿಗೆ ಅಡ್ಡ ನಿಂತವನಿಗೆ ಪದಕ ಬಂದ ಅತ್ಯಂತ ಪ್ರಸಿದ್ಧ ಉದಾಹರಣೆ ವಿಯೆಟ್ನಾಂ ಯುದ್ಧದ್ದು. ಈ ಚರ್ಚೆಯಲ್ಲಿ ಎರಡೂ ಪಕ್ಷದವರು ಅದನ್ನು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು. 1968ರ ಮಾರ್ಚ್ 16ರಂದು ಮಿ ಲಾಯ್ ಗ್ರಾಮದಲ್ಲಿ ಅಮೆರಿಕದ ಸೈನಿಕರು ನಿರಾಯುಧ ಗ್ರಾಮಸ್ಥರನ್ನು ಕೊಲ್ಲುತ್ತಿದ್ದಾಗ, ಮೇಲೆ ಹಾರುತ್ತಿದ್ದ ಪುಟ್ಟ ಹೆಲಿಕಾಪ್ಟರಿನ ಪೈಲಟ್ ಹ್ಯೂ ಥಾಂಪ್ಸನ್ ಕೆಳಗಿಳಿದು, ಸೈನಿಕರಿಗೂ ಬಂಕರಿನಲ್ಲಿ ಅಡಗಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರನ್ನು ನಿಲ್ಲಿಸಿದರು. ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ತಿರುಗಿ ಅವರ ಮೇಲೆಯೇ ಗುಂಡು ಹಾರಿಸಿ ಎಂದು ತಮ್ಮ ಇಬ್ಬರು ಸಹಚರರಾದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೋಟಾ ಅವರಿಗೆ ಹೇಳಿ, ಇತರ ಹೆಲಿಕಾಪ್ಟರುಗಳನ್ನು ಕರೆಸಿ ಬದುಕಿದ್ದವರನ್ನು ಸಾಗಿಸಿದರು. ಶವಗಳಿಂದ ತುಂಬಿದ್ದ ಕಾಲುವೆಯಿಂದ ಆಂಡ್ರಿಯೋಟಾ ಒಂದು ಮಗುವನ್ನು ಎತ್ತಿ ತಂದರು. ಸತ್ತವರ ಸಂಖ್ಯೆ ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಂ ಲೆಕ್ಕದಲ್ಲಿ 504.

ಇದಾದ ಮೇಲೆ ಥಾಂಪ್ಸನ್ ಅವರಿಗೆ ಒಂದು ಪದಕ ಬಂದದ್ದು ನಿಜ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಆ ಪದಕದ ಜೊತೆಗಿದ್ದ ಪ್ರಶಂಸಾ ಬರಹದಲ್ಲಿ, ಎರಡು ಕಡೆಯ ಗುಂಡಿನ ಚಕಮಕಿಯ ನಡುವೆ ಸಿಕ್ಕಿದ್ದ ಮಗುವನ್ನು ರಕ್ಷಿಸಿದರು ಎಂದು ಬರೆಯಲಾಗಿತ್ತು. ಅಲ್ಲಿ ಎರಡು ಕಡೆಯ ಗುಂಡಿನ ಚಕಮಕಿಯೇ ಇರಲಿಲ್ಲ. ಥಾಂಪ್ಸನ್ ಆ ಪದಕವನ್ನು ಎಸೆದರು. ಸಂಸತ್ತಿನ ವಿಚಾರಣೆಯಲ್ಲಿ ಪ್ರಭಾವಿ ಸದಸ್ಯರೊಬ್ಬರು, ಈ ಪ್ರಕರಣದಲ್ಲಿ ಶಿಕ್ಷೆಯಾಗಬೇಕಾದವನು ಯಾರಾದರೂ ಇದ್ದರೆ ಅದು ಸ್ವಂತ ಸೈನಿಕರ ಮೇಲೆ ಬಂದೂಕು ತಿರುಗಿಸಿದ ಈ ಪೈಲಟ್ ಎಂಬರ್ಥದ ಮಾತನ್ನಾಡಿದರು. ಮನೆಯ ಮೆಟ್ಟಿಲ ಮೇಲೆ ಸತ್ತ ಪ್ರಾಣಿಗಳನ್ನು ತಂದುಹಾಕುತ್ತಿದ್ದರು ಎಂದು ಮುಂದೆ ಥಾಂಪ್ಸನ್ ಅವರೇ ನೆನಪಿಸಿಕೊಂಡಿದ್ದಾರೆ. ನಿಜ ಬರೆದ ಪದಕ, ಅಂದರೆ ಶತ್ರುವಿನೊಡನೆ ಕಾದಾಟವಿಲ್ಲದ ಸಂದರ್ಭದ ಶೌರ್ಯಕ್ಕೆ ಕೊಡುವ ಸೋಲ್ಜರ್ಸ್ ಮೆಡಲ್, ಮೂವರಿಗೂ ಸಂದದ್ದು 1998ರ ಮಾರ್ಚ್ 6ರಂದು, ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಎದುರು. ಘಟನೆಯಾದ ಮೂರೇ ವಾರಗಳಲ್ಲಿ ಯುದ್ಧದಲ್ಲಿ ಮಡಿದಿದ್ದ ಆಂಡ್ರಿಯೋಟಾ ಅವರಿಗೆ ಅದು ಮರಣೋತ್ತರವಾಗಿತ್ತು. ಪದಕವನ್ನು ಸದ್ದಿಲ್ಲದೆ ಕೊಟ್ಟು ಮುಗಿಸುವ ಆಲೋಚನೆಯಿತ್ತೆಂದೂ, ಬಹಿರಂಗವಾಗಿ, ಸಹಚರರಿಗೂ ಸೇರಿಸಿ ಕೊಡುವುದಾದರೆ ಮಾತ್ರ ಬರುತ್ತೇನೆಂದು ಥಾಂಪ್ಸನ್ ಪಟ್ಟು ಹಿಡಿದರೆಂದೂ ದಾಖಲಾಗಿದೆ.

ಮೂವತ್ತು ವರ್ಷದ ಈ ವಿಳಂಬವನ್ನು ಒಂದು ಪಕ್ಷ, ವ್ಯವಸ್ಥೆ ತಡವಾಗಿಯಾದರೂ ತಿದ್ದಿದವನನ್ನು ಗುರುತಿಸಬಲ್ಲದು ಎಂದು ಓದುತ್ತದೆ. ಇನ್ನೊಂದು ಪಕ್ಷ, ಮೊದಲ ಪದಕದ ಸುಳ್ಳು ಬರಹವನ್ನು ತೋರಿಸಿ, ಮುಜುಗರದ ಸಂಗತಿಯನ್ನು ಪದಕದ ಹೊಳಪಿನಲ್ಲಿ ಮುಚ್ಚುವುದೂ ವ್ಯವಸ್ಥೆಗೆ ಗೊತ್ತು ಎನ್ನುತ್ತದೆ. ದಾಖಲೆಗಳನ್ನು ನೋಡಿದರೆ ಎರಡನೆಯ ಓದಿಗೆ ಬಲ ಹೆಚ್ಚು ಎಂದೇ ತೋರುತ್ತದೆ.

ಗುಂಡಿನ ಜಾಗಕ್ಕೆ ಫೋಟೊ ಬಂದದ್ದು 2004ರಲ್ಲಿ. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಕೈದಿಗಳನ್ನು ಹಿಂಸಿಸುವ ಡಿಜಿಟಲ್ ಚಿತ್ರಗಳು ಕಾವಲು ಸೈನಿಕರ ನಡುವೆ ಸಿ.ಡಿ.ಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಜೋ ಡಾರ್ಬಿ ಎಂಬ ಸೈನಿಕ ಆ ವರ್ಷದ ಜನವರಿಯಲ್ಲಿ ಒಂದು ಸಿ.ಡಿ.ಯನ್ನು ತನಿಖಾಧಿಕಾರಿಗಳಿಗೆ ಒಪ್ಪಿಸಿದರು. ಹೆಸರು ಗುಟ್ಟಾಗಿರುತ್ತದೆ ಎಂಬ ಭರವಸೆ ಮೇ ತಿಂಗಳವರೆಗೆ ಉಳಿಯಿತು. ರಕ್ಷಣಾ ಕಾರ್ಯದರ್ಶಿ ಸಂಸತ್ತಿನಲ್ಲಿ ಅವರ ಹೆಸರು ಹೇಳಿ ಮೆಚ್ಚಿಕೊಂಡಾಗ ಡಾರ್ಬಿ ಇರಾಕಿನ ಊಟದ ಹಾಲಿನಲ್ಲಿ ನೂರಾರು ಸೈನಿಕರ ನಡುವೆ ಕೂತು ಅದೇ ಟಿ.ವಿ. ನೋಡುತ್ತಿದ್ದರು. ಮುಂದೆ 2005ರಲ್ಲಿ ಕೆನಡಿ ಪ್ರತಿಷ್ಠಾನದ ಧೈರ್ಯ ಪ್ರಶಸ್ತಿ ಅವರಿಗೆ ಸಂದಿತು. ಸ್ವಂತ ಊರಿಗೆ ಮರಳಿ ಬಾಳುವುದು ಮಾತ್ರ ಸಾಧ್ಯವಾಗಲಿಲ್ಲ. ಹೊಗಳಿಕೆಯೇ ಒಬ್ಬನನ್ನು ಅಪಾಯಕ್ಕೆ ಒಡ್ಡಬಹುದು ಎಂಬ ಈ ಪಾಠ ಪದಕದ ಚರ್ಚೆಯಲ್ಲಿ ಯಾಕೋ ಹೆಚ್ಚು ಕೇಳಿಬರುವುದಿಲ್ಲ.

ಆಮೇಲೆ ಫೇಸ್‌ಬುಕ್ ಬಂತು. ಬ್ಯಾರಕ್ಕಿನ ಒರಟು ತಮಾಷೆ ಗೋಡೆ ದಾಟಿತು. ಮಹಿಳಾ ಮರೀನ್‌ಗಳನ್ನು ಹೀಯಾಳಿಸುವ ಪುಟಗಳ ಬಗ್ಗೆ 2013ರ ಮೇ ತಿಂಗಳಲ್ಲಿ ಸಂಸದೆ ಜಾಕಿ ಸ್ಪೀಯರ್ ಮರೀನ್ ದಳದ ಮುಖ್ಯಸ್ಥರಿಗೂ ರಕ್ಷಣಾ ಇಲಾಖೆಗೂ ಪತ್ರ ಬರೆದರು. ಒಂದು ಪುಟ ಮುಚ್ಚಿದರೆ ಬೇರೆ ಹೆಸರಿನಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಬರೆಯುವವರಲ್ಲಿ ಅನೇಕರು ನಿವೃತ್ತರಾದ್ದರಿಂದ ಅವರ ಮೇಲೆ ಸೇನಾ ಕಾನೂನಿನ ಕೈ ಚಾಚುವುದೇ ಕಷ್ಟವಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಇನ್ನೊಂದು ಸಂಗತಿಯಿದೆ. 2014ರ ಫೆಬ್ರವರಿಯಲ್ಲಿ ಕೊಲರಾಡೊದ ಫೋರ್ಟ್ ಕಾರ್ಸನ್ ಸೇನಾನೆಲೆಯ ಒಬ್ಬ ಯುವ ಸೈನಿಕಳು, ಸಂಜೆ ಧ್ವಜ ಇಳಿಸುವ ಹೊತ್ತಿಗೆ ನಿಂತು ವಂದಿಸುವುದನ್ನು ತಪ್ಪಿಸಿಕೊಳ್ಳಲು ಕಾರಿನೊಳಗೆ ಕೂತಿರುವುದಾಗಿ ಬರೆದು ಸೆಲ್ಫಿಯೊಂದನ್ನು ಹಾಕಿದಳು. ಅದೇ ತಿಂಗಳು, ಸೈನಿಕರ ಅಂತ್ಯಕ್ರಿಯೆಗೆ ಗೌರವ ಸಲ್ಲಿಸುವ ತಂಡದವರು ಧ್ವಜ ಹೊದಿಸಿದ ಖಾಲಿ ಶವಪೆಟ್ಟಿಗೆಯ ಸುತ್ತ ಮುಖ ಓರೆ ಮಾಡಿ ನಿಂತ ಇನ್ನೊಂದು ಫೋಟೊ ಹರಿದಾಡಿತು. ಎರಡೂ ತಪ್ಪುಗಳೇ. ಆದರೆ ಅವನ್ನು ತಿದ್ದಲು ಮುಂದಾದವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಅವರಲ್ಲಿ ಹಲವರು ಬಳಸಿದ ಭಾಷೆ, ಹಾಕಿದ ಬೆದರಿಕೆ ಮೂಲ ತಪ್ಪನ್ನು ಮೀರಿಸುವಂತಿದ್ದವು. ತಪ್ಪನ್ನು ಕಂಡ ಜಾಗದಲ್ಲೇ, ಕಂಡ ಕ್ಷಣದಲ್ಲೇ ತಿದ್ದುವುದು ಸಾರ್ಜೆಂಟರುಗಳಿಗೆ, ನಮ್ಮ ಕಡೆಯ ಹವಾಲ್ದಾರರಿಗೆ ಹೇಗೋ ಹಾಗೆ, ಮೊದಲಿನಿಂದಲೂ ಬಂದ ಹಕ್ಕು ಮತ್ತು ಕರ್ತವ್ಯ. ಬೂಟಿನ ಲೇಸು ಬಿಚ್ಚಿದ್ದರೆ ಅಲ್ಲೇ ಕರೆದು ಹೇಳುವುದು. ಆ ಪದ್ಧತಿ ಕೆಲಸ ಮಾಡುವುದೇ ಅದನ್ನು ಇಬ್ಬರು ಎದುರುಬದುರು ನಿಂತು, ಹತ್ತಿರದವರಿಗೂ ಕೇಳದಷ್ಟು ಮೆಲ್ಲಗೆ ನಡೆಸುವುದರಿಂದ. ಆನ್‌ಲೈನಿನಲ್ಲಿ ಅದೇ ತಿದ್ದುವಿಕೆ ಸಂತೆಯ ನಡುವೆ ನಡೆಯುತ್ತದೆ, ಮತ್ತು ಸಂತೆ ಚಪ್ಪಾಳೆ ತಟ್ಟುತ್ತದೆ. ಇಂಥ ತಿದ್ದುವಿಕೆಗೆ ಲೈಕುಗಳ ಬಹುಮಾನ ಆಗಲೇ ಧಾರಾಳವಾಗಿ ಸಿಗುತ್ತಿರುವಾಗ ಅದರ ಮೇಲೆ ಪದಕವನ್ನೂ ಇಟ್ಟರೆ ಏನಾದೀತು ಎಂದು ಯೋಚಿಸುವವರಿಗೆ ಆ ಫೆಬ್ರವರಿ ನೆನಪಿರಬೇಕು.

2015ರಲ್ಲಿ ಭೂಸೇನೆ ಆನ್‌ಲೈನ್ ನಡವಳಿಕೆಯ ವೃತ್ತಿಪರತೆಯ ಕುರಿತು ಸೇನೆಗೆಲ್ಲ ಅನ್ವಯಿಸುವ ಸೂಚನೆ ಹೊರಡಿಸಿತು. ಕಿರುಕುಳ, ಬೆದರಿಕೆ, ಹಿಂಬಾಲಿಸುವುದು, ತಾರತಮ್ಯ, ಸೇಡು ಇವೆಲ್ಲ ಪರದೆಯ ಮೇಲೆ ನಡೆದರೂ ದುರ್ನಡತೆಯೇ ಎಂದು ಆ ಧೋರಣೆ ಸ್ಪಷ್ಟಪಡಿಸಿತು. ಯೋಚಿಸಿ, ಬರೆಯಿರಿ, ಆಮೇಲೆ ಹಾಕಿ ಎಂಬ ಮೂರು ಮಾತಿನ ಘೋಷಣೆ ಭಿತ್ತಿಚಿತ್ರಗಳಲ್ಲಿ ಕಾಣಿಸಿಕೊಂಡಿತು. ಅದೇ ವರ್ಷ ಭೂಸೇನೆಯ ಅತ್ಯುನ್ನತ ಸಾರ್ಜೆಂಟ್ ಮೇಜರ್ ಡೇನಿಯಲ್ ಡೇಲಿ, 'ನನ್ನ ಸ್ಕ್ವಾಡ್‌ನಲ್ಲಿ ಇದು ನಡೆಯದು' ಎಂಬರ್ಥದ ಆಂದೋಲನ ಆರಂಭಿಸಿ, ಹೊಣೆಯನ್ನು ಒಂಬತ್ತು ಹತ್ತು ಮಂದಿಯ ಸ್ಕ್ವಾಡ್‌ನ ನಾಯಕನ ಮಟ್ಟಕ್ಕೆ ಇಳಿಸಿದರು. ಹೊಣೆ ಕೆಳಗಿಳಿಯಿತು. ಅದನ್ನು ಹೊತ್ತವನಿಗೆ ಪದಕ ಕೊಡುವ ಅಧಿಕಾರ ಮಾತ್ರ ಮೇಲೇ ಉಳಿಯಿತು: ತೀರ ಕೆಳಗಿನ ಅಚೀವ್‌ಮೆಂಟ್ ಪದಕಕ್ಕೂ ಆಗ ಬೆಟಾಲಿಯನ್ ನಡೆಸುವ ಲೆಫ್ಟಿನೆಂಟ್ ಕರ್ನಲ್ ಸಹಿ ಬೇಕಿತ್ತು.

ಎಲ್ಲವನ್ನೂ ಬಯಲಿಗೆಳೆದದ್ದು 2017ರ ಮಾರ್ಚ್. ಮರೀನ್ಸ್ ಯುನೈಟೆಡ್ ಎಂಬ ಫೇಸ್‌ಬುಕ್ ಗುಂಪಿನಲ್ಲಿ ಸುಮಾರು 30,000 ಸದಸ್ಯರಿದ್ದರು. ಸೇವೆಯಲ್ಲಿದ್ದ ಮತ್ತು ನಿವೃತ್ತ ಮರೀನ್‌ಗಳು, ನೌಕಾಪಡೆಯ ವೈದ್ಯಕೀಯ ಸಹಾಯಕರು, ಬ್ರಿಟನ್ನಿನ ರಾಯಲ್ ಮರೀನ್‌ಗಳು, ಎಲ್ಲರೂ ಗಂಡಸರು. ಯುದ್ಧದಿಂದ ಮರಳಿದವರು ಪರಸ್ಪರ ಆಸರೆಯಾಗಲೆಂದು, ಆತ್ಮಹತ್ಯೆಯ ಅಂಚಿನಲ್ಲಿರುವವರನ್ನು ಮಾತನಾಡಿಸಿ ಉಳಿಸಲೆಂದು ಇದ್ದ ಜಾಗವಿದು ಎಂದು ಅದರ ಸದಸ್ಯರು ಹೇಳುತ್ತಿದ್ದರು. ಅದೇ ಜಾಗದಲ್ಲಿ ಜೊತೆಯ ಮಹಿಳಾ ಸೈನಿಕರ ನಗ್ನ ಚಿತ್ರಗಳಿದ್ದ ಗೂಗಲ್ ಡ್ರೈವ್ ಕೊಂಡಿಗಳು ಅವರ ಹೆಸರು, ದರ್ಜೆ, ನೆಲೆಗಳ ಸಮೇತ ಹಂಚಿಕೆಯಾಗುತ್ತಿದ್ದವು. ಮರೀನ್ ಪದಾತಿ ದಳಕ್ಕೆ ಮೊದಲ ಬಾರಿಗೆ ಮಹಿಳೆಯರು ನೇಮಕಗೊಂಡು ಒಂದು ತಿಂಗಳೂ ಆಗಿರದ ಹೊತ್ತಿನಲ್ಲಿ ಈ ಹಂಚಿಕೆ ಶುರುವಾಗಿತ್ತು. ಇಡೀ ದಳದಲ್ಲಿ ಆಗ ಮಹಿಳೆಯರ ಪಾಲು ಶೇ 8ರಷ್ಟು ಮಾತ್ರ.

ಸುದ್ದಿ ಹೊರತಂದವರು ಥಾಮಸ್ ಬ್ರೆನನ್. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಹೋರಾಡಿ, ಗಾಯಗೊಂಡು ಪರ್ಪಲ್ ಹಾರ್ಟ್ ಪಡೆದಿದ್ದ ನಿವೃತ್ತ ಮರೀನ್ ಸಾರ್ಜೆಂಟ್, ದ ವಾರ್ ಹಾರ್ಸ್ ಎಂಬ ಸುದ್ದಿಸಂಸ್ಥೆಯ ಸ್ಥಾಪಕ. ಅವರಿಗೂ ಅವರ ಕುಟುಂಬಕ್ಕೂ ಬೆದರಿಕೆಗಳ ಮಳೆ ಸುರಿಯಿತು. ಹಳೆಯ ಜೊತೆಗಾರರ ಕಣ್ಣಲ್ಲಿ ಅವರು ಬ್ಲೂ ಫಾಲ್ಕನ್ ಆಗಿದ್ದರು. ಎದುರಿಗೆ ಆಡಲಾಗದ ಬೈಗುಳವೊಂದರ ಮೊದಲ ಅಕ್ಷರಗಳನ್ನಿಟ್ಟುಕೊಂಡು ಅಮೆರಿಕದ ಸೈನಿಕರು ಕಟ್ಟಿದ ಈ ಮಾತಿಗೆ ನಮ್ಮಲ್ಲಿ ಹತ್ತಿರದ ಅರ್ಥ ಮನೆಮುರುಕ ಎಂದೇ ಇರಬೇಕು. 30,000 ಮಂದಿಯಲ್ಲಿ ಬಹುಪಾಲು ಜನ ಚಿತ್ರ ಹಾಕಿದವರಲ್ಲ, ಬರೆದವರೂ ಅಲ್ಲ, ಕಂಡೂ ಕಾಣದಂತೆ ಇದ್ದವರು. ಪದಕದ ಪ್ರಶ್ನೆ ನಿಜವಾಗಿ ಇವರನ್ನು ಕುರಿತದ್ದು. ಇವರಲ್ಲಿ ನೂರು ಮಂದಿ 'ಇದನ್ನು ತೆಗೆಯಿರಿ' ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಅನ್ನದಿರಲು ಅವರಿಗಿದ್ದ ಕಾರಣ ಪದಕ ಸಿಗುವುದಿಲ್ಲ ಎಂಬುದಾಗಿತ್ತೇ?

ಸಂಸತ್ತಿನ ಸಮಿತಿಯ ಮುಂದೆ ಮಾರ್ಚ್ 14ರಂದು ಹಾಜರಾದ ಮರೀನ್ ದಳದ ಮುಖ್ಯಸ್ಥರು, 2013ರಿಂದ ಇದುವರೆಗೆ ಏನು ಮಾಡಿದಿರಿ ಎಂಬ ಪ್ರಶ್ನೆಗೆ ತಮ್ಮ ಬಳಿ ಒಳ್ಳೆಯ ಉತ್ತರವಿಲ್ಲವೆಂದು ಒಪ್ಪಿಕೊಂಡರು. ನಂತರದ ತಿಂಗಳುಗಳಲ್ಲಿ ನಿಯಮಗಳು ವೇಗವಾಗಿ ಬಂದವು. ಅಲ್ಲಿಯವರೆಗೆ ಕಾನೂನಿನಲ್ಲಿ ಒಂದು ಕಂಡಿ ಇತ್ತು: ಒಪ್ಪಿಗೆಯಿಲ್ಲದೆ ತೆಗೆದ ಚಿತ್ರವನ್ನು ಹಂಚುವುದು ಅಪರಾಧ, ಆದರೆ ಒಪ್ಪಿಗೆಯಿಂದ ತೆಗೆದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಹಿಡಿಯುವ ನೇರ ಕಲಮು ಇರಲಿಲ್ಲ. ಏಪ್ರಿಲಿನಲ್ಲಿ ನೌಕಾಪಡೆಯ ನಿಯಮಾವಳಿಗೆ 1168ನೇ ಕಲಮು, ಡಿಸೆಂಬರಿನಲ್ಲಿ ಸೇನಾ ದಂಡಸಂಹಿತೆಗೆ 117ಎ ಕಲಮು ಸೇರಿ ಆ ಕಂಡಿ ಮುಚ್ಚಿತು. ಹೀಗೆ ಶಿಕ್ಷೆಯ ಬದಿ ತುಂಬಿದ ಮೇಲೆಯೇ ಮನ್ನಣೆಯ ಬದಿ ಖಾಲಿ ಇರುವುದು ಎದ್ದು ಕಂಡಿತು.

ಪದಕ ಬೇಕೆನ್ನುವವರ ವಾದ ಹಗುರವಾದದ್ದಲ್ಲ. ಸೇನೆ ಯಾವುದನ್ನು ಮೆಚ್ಚುತ್ತದೆ ಎಂಬುದನ್ನು ಸೈನಿಕ ಭಾಷಣಗಳಿಂದ ತಿಳಿಯುವುದಿಲ್ಲ, ಎದೆಯ ಮೇಲಿನ ರಿಬ್ಬನ್‌ಗಳಿಂದ ತಿಳಿಯುತ್ತಾನೆ. ಸಾರ್ಜೆಂಟ್ ದರ್ಜೆಗೆ ಬಡ್ತಿಯ ಅಂಕಪಟ್ಟಿಯಲ್ಲಿ ಕಮೆಂಡೇಷನ್ ಪದಕಕ್ಕೆ 20, ಅಚೀವ್‌ಮೆಂಟ್ ಪದಕಕ್ಕೆ 10, ಪ್ರಶಂಸಾಪತ್ರಕ್ಕೆ 5 ಅಂಕ ಎಂಬ ಲೆಕ್ಕ ನಡೆದುಬಂದಿದೆ. ಒಂದು ಅಂಕದಿಂದ ಬಡ್ತಿ ತಪ್ಪಿಸಿಕೊಂಡವನಿಗೆ ಅದು ಸಣ್ಣ ವಿಷಯವಲ್ಲ. ಗೋದಾಮಿನ ಲೆಕ್ಕ ಸರಿಯಿಟ್ಟವನಿಗೆ 10 ಅಂಕ ಬರುವುದಾದರೆ, ಒಬ್ಬ ಸಹಸೈನಿಕಳ ಮಾನ ಕಾದವನಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಆದರೆ ಪರದೆಯ ಮುಂದಿನ ಕೆಲಸಕ್ಕೆ ಪದಕ ಎಂದೊಡನೆ ಸೇನೆಯೊಳಗೆ ಏಳುವ ಹುಬ್ಬುಗಳನ್ನು 2013ರಲ್ಲೇ ಎಲ್ಲರೂ ನೋಡಿದ್ದರು. ಡ್ರೋನ್ ಚಾಲಕರಿಗೂ ಸೈಬರ್ ಯೋಧರಿಗೂ ಆ ವರ್ಷದ ಫೆಬ್ರವರಿಯಲ್ಲಿ ಘೋಷಿಸಿದ ಡಿಸ್ಟಿಂಗ್ವಿಶ್ಡ್ ವಾರ್‌ಫೇರ್ ಮೆಡಲ್, ಶ್ರೇಣಿಯಲ್ಲಿ, ಯುದ್ಧಭೂಮಿಯ ಶೌರ್ಯಕ್ಕೂ ಸೇವೆಗೂ ಕೊಡುವ ಬ್ರಾಂಜ್ ಸ್ಟಾರ್‌ಗಿಂತ ಮೇಲೆ ಕೂತಿತ್ತು. ಪ್ರಾಣವನ್ನು ಪಣಕ್ಕಿಟ್ಟವನಿಗಿಂತ ಕುರ್ಚಿಯಲ್ಲಿ ಕೂತವನು ಮೇಲೇ ಎಂಬ ಆಕ್ರೋಶಕ್ಕೆ ಎರಡೇ ತಿಂಗಳಲ್ಲಿ ಮಣಿದು ಅದನ್ನು ರದ್ದುಗೊಳಿಸಲಾಯಿತು. 2016ರಲ್ಲಿ, ಇರುವ ಪದಕಗಳ ರಿಬ್ಬನ್ ಮೇಲೆಯೇ ದೂರದಿಂದ ಮಾಡಿದ ಕೆಲಸವನ್ನು ಸೂಚಿಸುವ 'ಆರ್' ಅಕ್ಷರ ಅಂಟಿಸುವ ಮಧ್ಯಮಾರ್ಗಕ್ಕೆ ಬರಲಾಯಿತು. ಶತ್ರುವನ್ನು ಹೊಡೆದ ಪರದೆಗೇ ಈ ಗತಿಯಾದರೆ ಕಾಮೆಂಟ್ ಅಳಿಸಿದ ಪರದೆಯ ಗತಿ ಊಹಿಸಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಒಳ್ಳೆಯ ತಿದ್ದುವಿಕೆ ಗುರುತು ಉಳಿಸುವುದಿಲ್ಲ. ಪೋಸ್ಟ್ ಅಳಿಯುತ್ತದೆ, ಹುಡುಗ ನಾಚುತ್ತಾನೆ, ಸುದ್ದಿ ಅಲ್ಲೇ ಮುಗಿಯುತ್ತದೆ. ಪದಕಕ್ಕೆ ಪುರಾವೆ ಬೇಕು. ಪುರಾವೆ ಬೇಕೆಂದರೆ ಸ್ಕ್ರೀನ್‌ಶಾಟ್ ಇರಬೇಕು, ಹೆಸರು ಇರಬೇಕು, ಕಡತ ಏಳಬೇಕು. ಹೀಗೆ ಮನ್ನಣೆಯ ಏರ್ಪಾಡು ತಿದ್ದುವವನಿಗಿಂತ ವರದಿ ಮಾಡುವವನಿಗೆ ಹೆಚ್ಚು ಒಗ್ಗುತ್ತದೆ. ಎರಡೂ ಬೇಕಾದ ಕೆಲಸಗಳೇ, ಆದರೆ ಅವು ಒಂದೇ ಅಲ್ಲ. 2021ರ ಡಿಸೆಂಬರಿನಲ್ಲಿ ರಕ್ಷಣಾ ಇಲಾಖೆ ಉಗ್ರವಾದಿ ಬರಹಗಳನ್ನು ಹಂಚುವುದನ್ನೂ ಮೆಚ್ಚುವುದನ್ನೂ ನಿಷಿದ್ಧ ಚಟುವಟಿಕೆಯ ವ್ಯಾಪ್ತಿಗೆ ತಂದಿತು. 2025ರ ಸೆಪ್ಟೆಂಬರಿನಲ್ಲಿ ಬಲಪಂಥೀಯ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಹತ್ಯೆಯ ನಂತರ ಅದನ್ನು ಸಮರ್ಥಿಸಿದ ಅಥವಾ ಅಣಕಿಸಿದ ಸೈನಿಕರ ಪೋಸ್ಟ್‌ಗಳನ್ನು ಹುಡುಕುವ ಕೆಲಸ ಪೆಂಟಗನ್ ಮಟ್ಟದಲ್ಲೇ ನಡೆಯಿತು, ಹೊರಗಿನವರೂ ಸ್ಕ್ರೀನ್‌ಶಾಟ್‌ಗಳನ್ನು ಟ್ಯಾಗ್ ಮಾಡಿ ಕಳಿಸಿದರು. ಯಾವುದು ದುರ್ನಡತೆ ಎಂಬ ಗೆರೆ ಸರ್ಕಾರ ಬದಲಾದಂತೆ ಜರುಗಬಹುದಾದಾಗ, ಅದನ್ನು ಪತ್ತೆಹಚ್ಚಿದವನಿಗೆ ರಿಬ್ಬನ್ ಕೊಡುವ ಪದ್ಧತಿ ತಿದ್ದುವವರನ್ನು ಬೆಳೆಸುತ್ತದೋ ಚಾಡಿಕೋರರನ್ನು ಬೆಳೆಸುತ್ತದೋ ಎಂಬ ಅನುಮಾನ ಅತಿಯಾದುದೇನಲ್ಲ.

ನಮ್ಮಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಏಳಲಿಲ್ಲ, ಏಕೆಂದರೆ ಭಾರತೀಯ ಸೇನೆ ಬೇರೆ ದಾರಿ ಹಿಡಿಯಿತು. ಸೇನೆಗೆ ಹೋದವರಿರುವ ಬೆಳಗಾವಿ, ಕೊಡಗಿನ ಮನೆಗಳಿಗೆ 2020ರ ಜುಲೈ ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಆ ತಿಂಗಳ 15ರೊಳಗೆ ಫೋನಿನಿಂದ ತೆಗೆಯಬೇಕೆಂಬ ಆದೇಶ ಆಗ ಬಂದಿತ್ತು. ಮಾಹಿತಿ ಸೋರಿಕೆಯ ಭಯದಿಂದ ಹುಟ್ಟಿದ ಆ ಆದೇಶದಲ್ಲಿ ಬಾಗಿಲನ್ನೇ ಮುಚ್ಚಲಾಯಿತಾದ್ದರಿಂದ, ಒಳಗೆ ಯಾರು ಯಾರನ್ನು ತಿದ್ದಬೇಕು ಎಂಬ ಮಾತೇ ಬರಲಿಲ್ಲ.

ಅಮೆರಿಕದಲ್ಲಿ ತಿದ್ದಲು ಹಿಂಜರಿಯುವವನ ಲೆಕ್ಕಾಚಾರದಲ್ಲಿ ಪದಕಕ್ಕಿಂತ ಭಾರವಾದದ್ದು ಸೇಡಿನ ಭಯ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಲೈಂಗಿಕ ದೌರ್ಜನ್ಯದ ದೂರು ಕೊಟ್ಟ ಸೇವಾನಿರತ ಮಹಿಳೆಯರಲ್ಲಿ ಶೇ 62ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಸೇಡನ್ನು ಅನುಭವಿಸಿರುವುದಾಗಿ ಹೇಳಿದ್ದರು. ಸೇಡು ತೀರಿಸಿಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವಾಗಿಸುವ, ಸೇನಾ ದಂಡಸಂಹಿತೆಯ 132ನೇ ಕಲಮು ಜಾರಿಗೆ ಬಂದದ್ದು 2019ರ ಜನವರಿ 1ರಂದು. ಆ ಕಲಮು ಎಷ್ಟು ಗಟ್ಟಿಯಾಗಿ ಬಳಕೆಗೆ ಬರುತ್ತದೆ ಎಂಬುದರ ಮೇಲೆ ಪಕ್ಕದಲ್ಲಿ ನಿಂತು ನೋಡುವವನ ಧೈರ್ಯ ನಿಂತಿದೆ. ರಿಬ್ಬನ್‌ನ ಬಣ್ಣದ ಮೇಲೆ ನಿಂತಿರುವಂತೆ ತೋರುವುದಿಲ್ಲ.

ಸದ್ಯಕ್ಕೆ ಇರುವ ದಾರಿಗಳು ಮೂರು ಮಟ್ಟದವು. ಕಮಾಂಡರ್ ಕೈಕುಲುಕುತ್ತ ಅಂಗೈಗೆ ಒತ್ತುವ ನಾಣ್ಯಕ್ಕೆ ಕಾಗದಪತ್ರ ಬೇಡ, ಅಂಕವೂ ಇಲ್ಲ. ಬಹುಶಃ ಆ ರಾತ್ರಿ ಹನ್ನೊಂದರ ಫೋನ್ ಕರೆಗೆ ಅದೇ ಹೆಚ್ಚು ಒಪ್ಪುತ್ತದೆ. ಡಿಎ 638ರ ಅಂಕಣಗಳಲ್ಲಿ ಇತರ ಕೆಲಸಗಳ ನಡುವೆ ಒಂದು ಸಾಲು ಸೇರಿಸಲು ಯಾವ ಅಡ್ಡಿಯೂ ಇಲ್ಲ, ಬರೆಯುವ ಮನಸ್ಸಿರಬೇಕಷ್ಟೆ. ಮೂರನೆಯದು ಸಾರ್ಜೆಂಟರುಗಳ ಮೌಲ್ಯಮಾಪನ ವರದಿ. 2016ರ ಜನವರಿಯಿಂದ ಬಳಕೆಗೆ ಬಂದ ಅದರ ಹೊಸ ನಮೂನೆಯಲ್ಲಿ ಚಾರಿತ್ರ್ಯ ಎಂಬ ಶೀರ್ಷಿಕೆಯ ಕೆಳಗೆ, ಲೈಂಗಿಕ ಕಿರುಕುಳ ತಡೆ ಮತ್ತು ಸಮಾನ ಅವಕಾಶದ ಕಾರ್ಯಕ್ರಮಗಳನ್ನು ಈತ ಪೂರ್ಣವಾಗಿ ಬೆಂಬಲಿಸುತ್ತಾನೆಯೇ ಎಂಬುದನ್ನು ತಿಳಿಸಬೇಕೆಂಬ ಸೂಚನೆ ಸೇರಿತು. ತುಂಬುವವರು ಹೆಚ್ಚಾಗಿ ಸೂಚನೆಯ ಪದಗಳನ್ನೇ ವಾಕ್ಯವಾಗಿಸಿ ಮುಂದೆ ಹೋಗುತ್ತಾರೆ. ಫೋನ್ ಮಾಡಿ ಪೋಸ್ಟ್ ಅಳಿಸಿದವನ ವರದಿಯಲ್ಲೂ, ಅದೇ ಗುಂಪಿನಲ್ಲಿದ್ದು ಬೆರಳಾಡಿಸುತ್ತ ಕೆಳಗೆ ಜಾರಿದವನ ವರದಿಯಲ್ಲೂ ಆ ವಾಕ್ಯ ಒಂದೇ ಆಗಿರುತ್ತದೆ.